ನುಗ್ಗಿ ಬರುವ ಎದುರಾಳಿಯನ್ನು ಸ್ಪಾರಿಂಗ್‌ನಲ್ಲಿ ನಿಭಾಯಿಸುವುದು ಹೇಗೆ?

ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಆಟಕ್ಕೆ, ಎಲ್ಲ ಬಾಕ್ಸಿಂಗ್ ಜಿಮ್‌ನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಗಂಟೆ ಹೊಡೆದ ಕೂಡಲೇ ನುಗ್ಗುತ್ತಾನೆ, ಕೈ ಕಣ್ಣಿಗೆ ಕಾಣದಷ್ಟು ಬೇಗ ಓಡುತ್ತದೆ, ನೀವು ಒಂದು ಜಾಬ್ (ಮುಂದಿರುವ ಕೈಯ ನೇರ ಹೊಡೆತ) ಹೊಡೆಯುವಷ್ಟರಲ್ಲಿ ಅವನದು ನಾಲ್ಕು ಬಿದ್ದಿರುತ್ತದೆ. ಆ ರೌಂಡ್ ಮುಗಿಯುವುದೇ ಇಲ್ಲವೇನೋ ಅನಿಸುತ್ತದೆ. ಆಮೇಲೆ ಹೆಚ್ಚಿನವರ ತಲೆಗೆ ಬರುವುದು ಒಂದೇ ಯೋಚನೆ: ನಾನೂ ಅಷ್ಟೇ ಸ್ಪೀಡ್ ಆಗಬೇಕು. ಆ ದಾರಿ ಹಿಡಿಯಬೇಡಿ. ಕೈ ವೇಗ ಹೆಚ್ಚಲು ವರ್ಷಗಳು ಬೇಕು, ಅಷ್ಟರಲ್ಲಿ ಅವನೂ ಸುಮ್ನೆ ಕೂತಿರುವುದಿಲ್ಲ. ಆದರೆ ಅವನ ವೇಗ ಕೆಲಸ ಮಾಡಬೇಕಾದರೆ ಸರಿಯಾದ ದೂರ ಸಿಗಬೇಕು, ನಿಮ್ಮ ಹತ್ತಿರ ಬರಲು ನೇರ ದಾರಿ ಇರಬೇಕು. ಈ ಎರಡನ್ನೂ ಅವನಿಂದ ಕಿತ್ತುಕೊಳ್ಳಬಹುದು. ನೀವು ನಿಧಾನದವರಾದರೂ ಸರಿ.

ಮೊದಲು ಕಾಲಿನ ವಿಷಯ. ಯಾರಾದರೂ ಮೇಲೆ ಬಿದ್ದರೆ ನಾವು ನೇರ ಹಿಂದಕ್ಕೆ ಹೋಗುತ್ತೇವೆ. ಮೈಗೆ ತಾನಾಗಿ ಬರುವುದು ಅದೇ. ತೊಂದರೆ ಏನೆಂದರೆ, ಮುಂದಕ್ಕೆ ನಡೆಯುವವನು ಯಾವಾಗಲೂ ಹಿಂದಕ್ಕೆ ನಡೆಯುವವನಿಗಿಂತ ಬೇಗ. ಮೊದಲ ಹೊಡೆತದಿಂದ ತಪ್ಪಿಸಿಕೊಂಡರೂ ಎರಡನೆಯದು, ಮೂರನೆಯದು ನಿಮ್ಮನ್ನು ಹಿಡಿಯುತ್ತವೆ. ಅಷ್ಟು ಹೊತ್ತಿಗೆ ಬೆನ್ನಿಗೆ ಹಗ್ಗ ತಾಗಿರುತ್ತದೆ. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ. ಹಿಂದಕ್ಕೆ ಒಂದೇ ಹೆಜ್ಜೆ, ಎರಡನೆಯದು ಪಕ್ಕಕ್ಕೆ. ಪಕ್ಕಕ್ಕೆ ಸರಿದ ತಕ್ಷಣ ಅವನು ನಿಲ್ಲಬೇಕು, ತಿರುಗಬೇಕು, ಕಾಲು ಮತ್ತೆ ಸರಿ ಮಾಡಿಕೊಳ್ಳಬೇಕು. ಕಾಲು ನೆಲದಲ್ಲಿ ಸರಿಯಾಗಿ ಕೂರದೆ ಎಷ್ಟೇ ವೇಗದ ಕೈಯಾದರೂ ಬಲ ಬರುವುದಿಲ್ಲ. ನಿಮಗೆ ಸಿಗುವುದು ಅರ್ಧ ಸೆಕೆಂಡ್ ಇರಬಹುದು, ಅಷ್ಟು ಸಾಕು.

ಯಾವ ಪಕ್ಕಕ್ಕೆ? ನೀವಿಬ್ಬರೂ ಎಡಗಾಲು ಮುಂದಿಟ್ಟು ನಿಲ್ಲುವವರಾದರೆ ಅವನ ಬಲಗೈ ನಿಮ್ಮ ಎಡಗಡೆಗೆ ಇರುತ್ತದೆ. ನಿಮ್ಮ ಬಲಕ್ಕೆ ಸರಿದರೆ ಆ ಬಲಗೈಯಿಂದ ದೂರವಾಗುತ್ತೀರಿ, ಆದರೆ ಅವನ ಎಡಗೈ ಹುಕ್‌ಗೆ (ಪಕ್ಕದಿಂದ ಬಳಸಿ ಬರುವ ಹೊಡೆತ) ಹತ್ತಿರವಾಗುತ್ತೀರಿ. ಅದಕ್ಕೆ ಸರಿಯುವಾಗ ಬಲಗೈ ಗ್ಲೌಸ್ ಕೆನ್ನೆಗೆ ಅಂಟಿಕೊಂಡೇ ಇರಲಿ. ಅವನು ಸೌತ್‌ಪಾ, ಅಂದರೆ ಬಲಗಾಲು ಮುಂದಿಟ್ಟು ನಿಲ್ಲುವವನು, ಆಗಿದ್ದರೆ ಎಲ್ಲ ತಲೆಕೆಳಗು: ಹೆದರಬೇಕಾದದ್ದು ಅವನ ಎಡಗೈಗೆ, ಸರಿಯಬೇಕಾದದ್ದು ನಿಮ್ಮ ಎಡಕ್ಕೆ, ನಿಮ್ಮ ಮುಂಗಾಲು ಅವನ ಮುಂಗಾಲಿನ ಹೊರಗಡೆ ಬೀಳಬೇಕು. ಪ್ರತಿ ಸಲ ಒಂದೇ ಕಡೆಗೆ ಮಾತ್ರ ಹೋಗಬೇಡಿ. ಚುರುಕಾದವನು ಎರಡು ಸಲ ನೋಡಿದರೆ ಸಾಕು, ಮೂರನೇ ಸಲ ನೀವು ಹೋಗುವ ಜಾಗಕ್ಕೇ ಹೊಡೆತ ಕಳಿಸುತ್ತಾನೆ.

ಇನ್ನು ಜಾಬ್. ನುಗ್ಗುವವನ ಎದುರು ಜಾಬ್ ಇರುವುದು ಪಾಯಿಂಟ್ ಗಳಿಸಲು ಮಾತ್ರ ಅಂದುಕೊಳ್ಳಬೇಡಿ, ಅದರ ದೊಡ್ಡ ಕೆಲಸ ಅವನನ್ನು ತಡೆಯುವುದು. ಮುಖಕ್ಕೇ ಬೀಳಬೇಕು ಅಂತೇನಿಲ್ಲ. ಎದೆಗೆ, ಮುಂಭುಜಕ್ಕೆ, ಹಣೆಯ ಮುಂದಿರುವ ಗ್ಲೌಸ್‌ಗೆ ಬಿದ್ದರೂ ಅವನ ಓಟ ತುಂಡಾಗುತ್ತದೆ. ಮುಖ್ಯವಾದದ್ದು ಹೊಡೆಯುವ ಹೊತ್ತು. ಅವನ ಕೈ ಹೊರಟ ಮೇಲೆ ನೀವು ಶುರು ಮಾಡಿದರೆ ತಡವಾಯಿತು. ಅವನ ಮುಂಗಾಲು ನೆಲ ಬಿಟ್ಟಾಗ, ಅಥವಾ ಭುಜ ಸ್ವಲ್ಪ ಇಳಿದಾಗ, ಆಗಲೇ ಜಾಬ್ ಹೋಗಿರಬೇಕು. ಇದಕ್ಕಾಗಿ ಅವನ ಗ್ಲೌಸ್ ನೋಡುವುದನ್ನು ಬಿಡಿ. ಗ್ಲೌಸ್ ಮೋಸ ಮಾಡುತ್ತದೆ, ಅದನ್ನೇ ನೋಡುತ್ತಿದ್ದರೆ ಸುಳ್ಳು ಹೊಡೆತಕ್ಕೆಲ್ಲ ಬೆಚ್ಚುತ್ತೀರಿ. ಎದೆಯ ಮೇಲ್ಭಾಗದಲ್ಲಿ ಕಣ್ಣಿಡಿ. ಅಲ್ಲಿಂದ ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೆ ಕಾಣುತ್ತವೆ.

1990ರ ಫೆಬ್ರವರಿ 11ರಂದು ಟೋಕಿಯೋದಲ್ಲಿ ನಡೆದದ್ದು ನೆನಪಿರಬಹುದು. ಆಗಿನ ಹೆವಿವೇಟ್ ವಿಶ್ವ ಚಾಂಪಿಯನ್ ಮೈಕ್ ಟೈಸನ್ ಆವರೆಗೆ 37 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. ಅವನ ಎದುರು ಬಸ್ಟರ್ ಡಗ್ಲಸ್ ಗೆಲ್ಲುತ್ತಾನೆ ಅಂದವರು ಯಾರೂ ಇಲ್ಲವೇನೋ ಅನ್ನುವಷ್ಟು ಕಡಿಮೆ. ಡಗ್ಲಸ್‌ಗೆ ಎತ್ತರ, ಕೈ ಉದ್ದ ಎರಡೂ ಜಾಸ್ತಿ ಇತ್ತು, ನಿಜ. ಆದರೆ ಟೈಸನ್ ಅದಕ್ಕೂ ಮುಂಚೆ ಉದ್ದದವರನ್ನು ಎಷ್ಟೋ ಜನರನ್ನು ಬೀಳಿಸಿದ್ದ. ಡಗ್ಲಸ್ ಮಾಡಿದ್ದು ಬೇರೆ. ಟೈಸನ್ ಒಳಗೆ ಬರಲು ಹೊರಟಾಗಲೆಲ್ಲ ಜಾಬ್, ಅದರ ಹಿಂದೆಯೇ ಬಲಗೈ, ಅಷ್ಟಾದರೂ ಒಳಗೆ ಬಂದರೆ ಹಿಡಿದು ಕಟ್ಟಿಹಾಕುವುದು. ಎಂಟನೇ ರೌಂಡ್‌ನಲ್ಲಿ ತಾನೇ ಕೆಳಗೆ ಬಿದ್ದರೂ ಎದ್ದು ಬಂದು ಮತ್ತೆ ಅದನ್ನೇ ಮಾಡಿದ. ಹತ್ತನೇ ರೌಂಡ್‌ನಲ್ಲಿ ಟೈಸನ್ ಬಿದ್ದ. ಆ ಪಂದ್ಯ ಸಿಕ್ಕರೆ ನೋಡಿ, ಕೊನೆಯ ಹೊಡೆತಗಳಿಗಿಂತ ಮೊದಲ ನಾಲ್ಕು ರೌಂಡ್‌ಗಳನ್ನು ಜಾಸ್ತಿ ಗಮನ ಕೊಟ್ಟು ನೋಡಿ.

ಗಾರ್ಡ್, ಅಂದರೆ ಮುಖ, ಮೈ ಕಾಯಲು ಕೈ ಇಟ್ಟುಕೊಳ್ಳುವ ರೀತಿ, ಅದರ ಬಗ್ಗೆ ಒಂದು ಮಾತು. ಒಂದೊಂದು ಹೊಡೆತವನ್ನೂ ಕೈ ಚಾಚಿ ಹಿಡಿಯಲು ಹೋಗಬೇಡಿ. ಒಂದನ್ನು ಹಿಡಿಯಲು ಹೋದ ಕೈ ಬಿಟ್ಟ ಜಾಗದಲ್ಲೇ ಮುಂದಿನದು ಬರುತ್ತದೆ. ಮೊಣಕೈ ಪಕ್ಕೆಗೆ ಹತ್ತಿರ, ಗ್ಲೌಸ್ ಕೆನ್ನೆ ಮೇಲೆ, ಗಲ್ಲ ಕೆಳಗೆ, ಮಂಡಿ ಸ್ವಲ್ಪ ಬಾಗಿರಲಿ. ಕಣ್ಣು ತೆರೆದಿರಲಿ! ಹೊಸಬರಲ್ಲಿ ಬಹಳ ಜನ ಹೊಡೆತ ಬರುವಾಗ ಕಣ್ಣು ಮುಚ್ಚಿ ತಲೆ ಪಕ್ಕಕ್ಕೆ ತಿರುಗಿಸುತ್ತಾರೆ. ಕಾಣದೆ ಬಂದ ಹೊಡೆತವೇ ಎಲ್ಲಕ್ಕಿಂತ ಕೆಟ್ಟದ್ದು, ತಡೆದುಕೊಳ್ಳಲು ಕುತ್ತಿಗೆಯೂ ಸಿದ್ಧ ಇರುವುದಿಲ್ಲ. ಇನ್ನೊಂದು, ಉಸಿರು. ಹೊಡೆತದ ಮಳೆ ಬಿದ್ದಾಗ ಉಸಿರು ಬಿಗಿ ಹಿಡಿಯುತ್ತೇವೆ, ಒಂದು ನಿಮಿಷದಲ್ಲಿ ಕೈ ಎತ್ತಲಾಗದಷ್ಟು ಸುಸ್ತು. ಗ್ಲೌಸ್‌ಗೆ ಹೊಡೆತ ತಾಗಿದಾಗಲೆಲ್ಲ ಬಾಯಿಂದ ಚಿಕ್ಕದಾಗಿ ಉಸಿರು ಬಿಡುವುದನ್ನು ರೂಢಿಸಿಕೊಳ್ಳಿ.

ಗಾರ್ಡ್ ಒಳಗಿದ್ದುಕೊಂಡೇ ಒಂದು ಕೆಲಸ ಮಾಡಿ: ಅವನ ಹೊಡೆತ ಎಣಿಸಿ. ಎಂಥ ವೇಗದವನಿಗೂ ಒಂದು ಅಭ್ಯಾಸ ಇರುತ್ತದೆ. ಕೆಲವರು ಮೂರು ಹೊಡೆದು ನಿಲ್ಲುತ್ತಾರೆ, ಕೆಲವರು ನಾಲ್ಕು. ಕೆಲವರು ಯಾವಾಗಲೂ ಹುಕ್‌ನಿಂದಲೇ ಮುಗಿಸುತ್ತಾರೆ, ಮುಗಿಸಿ ನೇರ ಹಿಂದಕ್ಕೆ ಹೋಗುತ್ತಾರೆ, ಹೋಗುವಾಗ ಕೈ ಕೆಳಗಿರುತ್ತದೆ. ಮೊದಲ ರೌಂಡ್ ಇದನ್ನು ಓದುವುದಕ್ಕೇ ಇಟ್ಟುಕೊಂಡರೂ ನಷ್ಟ ಇಲ್ಲ. ಕೊನೆಯ ಹೊಡೆತ ಗೊತ್ತಾದರೆ ಅದರ ಬೆನ್ನಿಗೇ ನಿಮ್ಮದು ಹೋಗಬಹುದು. ಅವನ ಕೈ ವಾಪಸ್ ಹೋಗುತ್ತಿರುವಾಗ ನಿಮ್ಮ ಕೈ ನಿಧಾನದ್ದಾದರೂ ಮುಟ್ಟುತ್ತದೆ.

ಈ ಓದುವಿಕೆಗೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಮೆಕ್ಸಿಕೋದ ಬಾಕ್ಸರ್ ಹುವಾನ್ ಮ್ಯಾನುವೆಲ್ ಮಾರ್ಕ್ವೆಜ್. 2004ರಲ್ಲಿ ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವ್ ಜೊತೆ ಮೊದಲ ಸಲ ಆಡಿದಾಗ ಮೊದಲ ರೌಂಡ್‌ನಲ್ಲೇ ಮೂರು ಸಲ ಕೆಳಗೆ ಬಿದ್ದಿದ್ದ. ಪಕಿಯಾವ್ ಸೌತ್‌ಪಾ, ಆ ಎಡಗೈ ಎಲ್ಲಿಂದ ಬಂತು ಅಂತ ಕಾಣುತ್ತಲೇ ಇರಲಿಲ್ಲ. ಆದರೂ ಉಳಿದ ರೌಂಡ್‌ಗಳಲ್ಲಿ ಮಾರ್ಕ್ವೆಜ್ ಅವನನ್ನು ಓದಿಕೊಂಡು ಪಂದ್ಯವನ್ನು ಡ್ರಾಗೆ ತಂದ. 2012ರ ಡಿಸೆಂಬರ್ 8ರಂದು ಲಾಸ್ ವೇಗಾಸ್‌ನಲ್ಲಿ ನಾಲ್ಕನೇ ಸಲ ಎದುರಾದರು. ಆರನೇ ರೌಂಡ್ ಮುಗಿಯಲು ಒಂದು ಸೆಕೆಂಡ್ ಇರುವಾಗ ಪಕಿಯಾವ್ ಎಂದಿನಂತೆ ಮುಂದೆ ನುಗ್ಗಿದ, ಮಾರ್ಕ್ವೆಜ್ ಹಿಂದೆ ಹೋಗದೆ ನಿಂತಲ್ಲೇ ಬಲಗೈ ಕಳಿಸಿದ. ಅಲ್ಲಿಗೆ ಮುಗಿಯಿತು. ವೇಗದಲ್ಲಿ ಮಾರ್ಕ್ವೆಜ್ ಯಾವತ್ತೂ ಪಕಿಯಾವ್‌ಗೆ ಸಮ ಆಗಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಪಕಿಯಾವ್ ಯಾವಾಗ, ಯಾವ ದಾರಿಯಲ್ಲಿ ಬರುತ್ತಾನೆ ಅನ್ನುವುದು.

ಇದನ್ನು ಓದಿ ನಾಳೆಯೇ ಜಿಮ್‌ನಲ್ಲಿ ನುಗ್ಗುವವನ ಮುಖಕ್ಕೆ ಪೂರ್ತಿ ಬಲದ ಕೌಂಟರ್ (ಅವನ ಹೊಡೆತಕ್ಕೆ ಉತ್ತರವಾಗಿ ಕೊಡುವ ಹೊಡೆತ) ಹೊಡೆಯಬೇಡಿ. ಅವನು ಓಡಿ ಬರುತ್ತಿರುವಾಗ ಅವನ ಓಟದ ಬಲವೂ ನಿಮ್ಮ ಹೊಡೆತಕ್ಕೆ ಸೇರುತ್ತದೆ. ಸ್ಪಾರಿಂಗ್‌ನಲ್ಲಿ ಕೌಂಟರ್ ಅಂದರೆ ಮುಟ್ಟಿಸಿದರೆ ಸಾಕು. ಅವನಿಗೂ ಅರ್ಥ ಆಗುತ್ತದೆ.

ಹೊರಗಿನಿಂದ ತಡೆಯಲು ಆಗದಿದ್ದರೆ ಒಳಗೇ ಹೋಗಿ. ಇದನ್ನು ಹೇಳಿದರೆ ಹೊಸಬರು ನಂಬುವುದಿಲ್ಲ, ಹೊಡೆಯುವವನ ಹತ್ತಿರ ಯಾರಾದರೂ ಹೋಗುತ್ತಾರಾ ಅಂತ. ಆದರೆ ವೇಗದ ಕೈಗೆ ಬೀಸಲು ಜಾಗ ಬೇಕು, ಎದೆಗೆ ಎದೆ ತಾಗುವಷ್ಟು ಹತ್ತಿರ ಬಂದರೆ ಆ ಜಾಗವೇ ಇರುವುದಿಲ್ಲ. ಗಾರ್ಡ್ ಎತ್ತಿಕೊಂಡು ಒಂದು ಗಟ್ಟಿ ಹೆಜ್ಜೆ ಮುಂದಿಡಿ, ತಲೆ ಅವನ ಭುಜದ ಪಕ್ಕಕ್ಕೆ ಹೋಗಲಿ, ಅವನ ತೋಳುಗಳನ್ನು ಮೊಣಕೈ ಹತ್ತಿರ ನಿಮ್ಮ ತೋಳಿನಿಂದ ಒತ್ತಿಹಿಡಿಯಿರಿ. ತಲೆಯಿಂದ ಗುದ್ದದಂತೆ ಎಚ್ಚರ. 1996ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಟೈಸನ್‌ಗೆ ಮಾಡಿದ್ದರಲ್ಲಿ ಇದರ ಪಾಲು ದೊಡ್ಡದು. ಟೈಸನ್ ಒಳಗೆ ಬಂದಾಗಲೆಲ್ಲ ತೋಳು ಕಟ್ಟಿ, ಹಿಂದಕ್ಕೆ ತಳ್ಳಿ, ಅವನನ್ನೇ ಹಿಂದೆ ನಡೆಸಿದ. ಮುಂದೆ ಮಾತ್ರ ನಡೆದು ರೂಢಿ ಇರುವವನಿಗೆ ಹಿಂದೆ ನಡೆಯುತ್ತಾ ಹೊಡೆಯಲು ಬರುವುದಿಲ್ಲ. ಹನ್ನೊಂದನೇ ರೌಂಡ್‌ನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ಅಮೆಚೂರ್ ಪಂದ್ಯಗಳಲ್ಲಿ ಹಿಡಿದುಕೊಂಡೇ ಇದ್ದರೆ ಎಚ್ಚರಿಕೆ ಕೊಡುತ್ತಾರೆ, ಹಾಗಾಗಿ ಹಿಡಿದು ತಕ್ಷಣ ಪಕ್ಕಕ್ಕೆ ತಿರುಗಿ ಹೊರಬರುವುದನ್ನೂ ಕಲಿಯಿರಿ. ನಿಮ್ಮ ಜಿಮ್‌ನಲ್ಲಿ ಕ್ಲಿಂಚ್‌ಗೆ, ಅಂದರೆ ಹೀಗೆ ಹಿಡಿದುಕೊಳ್ಳುವುದಕ್ಕೆ, ಬಿಡುತ್ತಾರಾ ಅಂತ ಮೊದಲೇ ಕೋಚ್‌ನ ಕೇಳಿ.

ಹಗ್ಗಕ್ಕೆ ಒರಗಿ ಎದುರಾಳಿ ಸುಸ್ತಾಗುವವರೆಗೆ ಕಾಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್‌ಗೆ ಹಾಗೆ ಮಾಡಿ ಎಂಟನೇ ರೌಂಡ್‌ನಲ್ಲಿ ಗೆದ್ದದ್ದು ನಿಜ. ಆದರೆ ಅಲಿ ಸುಮ್ನೆ ಒರಗಿ ನಿಂತಿರಲಿಲ್ಲ, ನಡುನಡುವೆ ಮುಖಕ್ಕೆ ಹೊಡೆಯುತ್ತಿದ್ದ, ಕುತ್ತಿಗೆ ಹಿಡಿದು ಕೆಳಗೆ ಎಳೆಯುತ್ತಿದ್ದ. ಅದು ಹದಿನೈದು ರೌಂಡ್‌ನ ಪಂದ್ಯ. ನೀವು ಆಡುವುದು ಮೂರು ರೌಂಡ್ ಸ್ಪಾರಿಂಗ್. ಅವನು ಸುಸ್ತಾಗುವ ಮೊದಲೇ ಗಂಟೆ ಹೊಡೆದಿರುತ್ತದೆ, ನಿಮ್ಮ ತಲೆಗೆ ಬಿದ್ದದ್ದು ಮಾತ್ರ ಉಳಿಯುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳಬೇಕು. ಬೇಗ ಹೊಡೆಯುವವನು ಬೇರೆ, ಜೋರಾಗಿ ಹೊಡೆಯುವವನು ಬೇರೆ. ಬೇಗ, ಆದರೆ ಹಗುರವಾಗಿ ಹೊಡೆಯುವವನು ಸಿಕ್ಕರೆ ಬಿಡಬೇಡಿ, ಅಂಥವನಿಂದ ಕಲಿಯುವಷ್ಟು ಬ್ಯಾಗ್‌ನಿಂದ ಯಾವತ್ತೂ ಸಿಗುವುದಿಲ್ಲ. ಪ್ರತಿ ಹೊಡೆತದಲ್ಲೂ ಬೀಳಿಸಲು ನೋಡುವವನ ವಿಷಯ ತಂತ್ರದ್ದಲ್ಲ. ರೌಂಡ್ ಶುರುವಾಗುವ ಮೊದಲೇ "ಗುರು, ಇವತ್ತು ಲೈಟ್ ಆಗಿ ಆಡೋಣ" ಅಂತ ಹೇಳಿ. ಕೇಳದಿದ್ದರೆ ಮಧ್ಯದಲ್ಲೇ ಕೈ ಎತ್ತಿ ನಿಲ್ಲಿಸಿ, ಕೋಚ್‌ಗೆ ಹೇಳಿ, ರಿಂಗ್‌ನಿಂದ ಇಳಿಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಎಷ್ಟೋ ಕಡೆ ತೂಕ ನೋಡದೆ, ಅನುಭವ ನೋಡದೆ ಜೋಡಿ ಹಾಕುತ್ತಾರೆ, ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 16 ಔನ್ಸ್ ಗ್ಲೌಸ್, ಮೌತ್‌ಗಾರ್ಡ್ ಇಲ್ಲದೆ ಇಳಿಯಲೇಬೇಡಿ. ಹೆಡ್‌ಗಾರ್ಡ್ ಹಾಕಿಕೊಳ್ಳಿ, ಆದರೆ ಅದು ಚರ್ಮ ಸೀಳುವುದನ್ನು ಕಡಿಮೆ ಮಾಡುತ್ತದೆಯೇ ಹೊರತು ತಲೆಬುರುಡೆಯ ಒಳಗೆ ಮಿದುಳು ಅಲುಗಾಡುವುದನ್ನು ನಿಲ್ಲಿಸುವುದಿಲ್ಲ. ಸ್ಪಾರಿಂಗ್ ಆದ ಮೇಲೆ ತಲೆನೋವು, ವಾಂತಿ ಬಂದ ಹಾಗೆ, ಮಂಜು ಮಂಜು ಕಾಣುವುದು, ಮರೆವು ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಅವರು ಸರಿ ಅನ್ನುವವರೆಗೆ ಮತ್ತೆ ಸ್ಪಾರಿಂಗ್ ಬೇಡ. ಮೊದಲಿನದು ಮಾಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ.

ಅಭ್ಯಾಸ ಹೇಗೆ? ಒಬ್ಬ ಒಳ್ಳೆಯ ಜೊತೆಗಾರನನ್ನು ಹಿಡಿಯಿರಿ. ಒಂದು ರೌಂಡ್ ಅವನು ಮಾತ್ರ ಹೊಡೆಯಲಿ, ಅರ್ಧ ವೇಗದಲ್ಲಿ, ನೀವು ತಿರುಗಿ ಹೊಡೆಯದೆ ಕಾಲು ಮತ್ತು ಗಾರ್ಡ್‌ನಿಂದಲೇ ನಿಭಾಯಿಸಿ. ಮುಂದಿನದರಲ್ಲಿ ನಿಮಗೆ ಜಾಬ್ ಒಂದೇ ಆಯುಧ. ಆಮೇಲೆ ಬೆನ್ನು ಹಗ್ಗಕ್ಕೆ ಕೊಟ್ಟು ನಿಂತು ಅವನು ನುಗ್ಗಿದಾಗ ಪಕ್ಕಕ್ಕೆ ತಿರುಗಿ ಹೊರಬರುವುದು. ಇದನ್ನು ಎರಡೂ ಕಡೆಗೆ ಮಾಡಿ, ಸಾಕು ಅನಿಸುವಷ್ಟು ಸಲ ಮಾಡಿ, ನಿಜವಾದ ರೌಂಡ್‌ನಲ್ಲಿ ಯೋಚಿಸಲು ಹೊತ್ತಿರುವುದಿಲ್ಲ. ಸುಲಭ ಅನಿಸಿದ ಮೇಲೆ ವೇಗ ಸ್ವಲ್ಪ ಸ್ವಲ್ಪವೇ ಏರಿಸಲಿ.

ಆಮೇಲೆ ಆ ನುಗ್ಗುವವನ ಜೊತೆ ಇಳಿದಾಗ ಇಷ್ಟನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಒಂದು ರೌಂಡ್‌ಗೆ ಒಂದೇ ಕೆಲಸ. ಇವತ್ತು ಹಗ್ಗಕ್ಕೆ ಬೆನ್ನು ತಾಗಬಾರದು, ಅಷ್ಟೇ. ರೌಂಡ್ ಮುಗಿದ ಮೇಲೆ ಅವನನ್ನೇ ಕೇಳಿ: "ನಾನು ಯಾವ ಕಡೆ ಸರಿಯುತ್ತೇನೆ ಅಂತ ನಿನಗೆ ಮೊದಲೇ ಗೊತ್ತಾಗುತ್ತಿತ್ತಾ?" ಹೌದು ಅಂದರೆ ಮುಂದಿನ ರೌಂಡ್‌ನ ಕೆಲಸ ಯಾವುದು ಅಂತ ನಿಮಗೆ ಸಿಕ್ಕಿತು.