ವ್ಯಾನಿನಲ್ಲಿ ಕುಚ್ಚಲಕ್ಕಿ ಬೇಯಲು ಎಷ್ಟು ಬ್ಯಾಟರಿ ಬೇಕು?

ಪುಣೆ ಬಿಟ್ಟು ಕೊಂಕಣ, ಗೋವಾ ಎಂದು ವಾರಗಟ್ಟಲೆ ವ್ಯಾನಿನಲ್ಲೇ ಇರಲು ಹೊರಟವರು ಮೊದಲು ವಿಚಾರಿಸುವುದು ಬ್ಯಾಟರಿಯ ಗಾತ್ರ. ಅದಕ್ಕಿಂತ ಮುಂಚೆ ನೋಡಬೇಕಾದ್ದು ಒಂದೇ ಹೊತ್ತಿಗೆ ಎಷ್ಟು ಆಂಪ್ ಎಳೆಯುತ್ತೀರಿ ಎಂಬುದನ್ನು. ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಇದ್ದಾಗಲೇ ಇನ್ವರ್ಟರ್ ಕೀಂಯ್ ಎಂದು ಆಫ್ ಆಗುವುದು ಇದೇ ಕಾರಣಕ್ಕೆ.

ಲೆಕ್ಕ ಸುಲಭ. 12 ವೋಲ್ಟ್ ವ್ಯವಸ್ಥೆಯಲ್ಲಿ ಉಪಕರಣದ ವ್ಯಾಟನ್ನು 11ರಿಂದ ಭಾಗಿಸಿ. ಇನ್ವರ್ಟರ್ ತಿನ್ನುವ ಪಾಲೂ ಸೇರಿ ಆಂಪ್ ಸಿಗುತ್ತದೆ. 1500 ವ್ಯಾಟಿನ ಕೆಟಲ್ ಸುಮಾರು 136 ಆಂಪ್ ಎಳೆದರೆ, 600 ವ್ಯಾಟಿನ ಪುಟ್ಟ ಕೆಟಲ್ ಬರೀ 55. ಒಂದು ಲೀಟರ್ ನೀರು ಕುದಿಯಲು ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ ವಿದ್ಯುತ್ ಬೇಕು, 95 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ್ದು) ಆಸುಪಾಸು. ಚಿಕ್ಕದರಲ್ಲಿ ಆರೇಳು ನಿಮಿಷ ಹೆಚ್ಚು ಕಾಯಬೇಕು, ಅಷ್ಟೆ. ಹಾಗಾಗಿ ದುಡ್ಡು ಹಾಕುವುದಾದರೆ ದೊಡ್ಡ ಬ್ಯಾಟರಿಗಿಂತ ಮೊದಲು ಕಡಿಮೆ ವ್ಯಾಟಿನ ಉಪಕರಣಗಳಿಗೆ ಹಾಕಿ.

500 ವ್ಯಾಟಿನ ಮಿಕ್ಸಿಯಲ್ಲಿ ಮೂರು ನಿಮಿಷದ ಚಟ್ನಿಗೆ 25 ವ್ಯಾಟ್-ಅವರ್ ಸಾಕು, ಆದರೆ ಸ್ವಿಚ್ ಒತ್ತಿದ ಕ್ಷಣ ಅದು ಎರಡು ಮೂರು ಪಟ್ಟು ಎಳೆಯುತ್ತದೆ. 150 ವ್ಯಾಟಿನ ಟೇಬಲ್‌ಟಾಪ್ ಗ್ರೈಂಡರಿನಲ್ಲಿ 40 ನಿಮಿಷ ದೋಸೆ ಹಿಟ್ಟು ರುಬ್ಬಿದರೂ ನೂರು ದಾಟುವುದಿಲ್ಲ. ನಿಜವಾಗಿ ವಿದ್ಯುತ್ ತಿನ್ನುವುದು ಕುಚ್ಚಲಕ್ಕಿ. ಗೋವಾದ ಉಕಡೆ ಅಕ್ಕಿಯೂ ಅದೇ ಜಾತಿ. ಬೆಳ್ತಿಗೆ ಅಕ್ಕಿಯಂತೆ ರೈಸ್ ಕುಕ್ಕರಿಗೆ ಹಾಕಿ ಮರೆತರೆ ಆಗದು. ಮೂರು ನಾಲ್ಕು ಗಂಟೆ ನೆನೆಸಿ, ಇಂಡಕ್ಷನ್ ಮೇಲೆ 3 ಲೀಟರಿನ ಪ್ರೆಶರ್ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಬರಿಸಿ, ಆಫ್ ಮಾಡಿ ದಪ್ಪ ಕಂಬಳಿಯಲ್ಲಿ ಸುತ್ತಿಡಿ. ಅರ್ಧ ಗಂಟೆಯ ಬೇಯುವ ಕೆಲಸ ಪುಕ್ಕಟೆ ಆಗುತ್ತದೆ. ಕುಕ್ಕರಿನ ತಳ ಇಂಡಕ್ಷನ್‌ಗೆ ಒಗ್ಗುವಂಥದ್ದೇ ಇರಲಿ.

ಇಂಡಕ್ಷನ್ ಒಲೆಯಲ್ಲಿ ಒಂದು ಮೋಸವಿದೆ. 300 ವ್ಯಾಟಿಗೆ ಇಟ್ಟರೂ ಎಷ್ಟೋ ಒಲೆಗಳು ಹತ್ತು ಸೆಕೆಂಡು ಸಾವಿರದ ಹತ್ತಿರ ಉರಿದು, ಉಳಿದ ಹೊತ್ತು ಸುಮ್ಮನಿರುತ್ತವೆ. ಡಿಸ್‌ಪ್ಲೇ ನಂಬಬೇಡಿ, ಬ್ಯಾಟರಿ ತಂತಿಗೆ ಡಿಸಿ ಕ್ಲಾಂಪ್ ಮೀಟರ್ (ತಂತಿಯನ್ನು ಕಚ್ಚಿ ಹಿಡಿದು ಆಂಪ್ ಅಳೆಯುವ ಮೀಟರ್) ಹಾಕಿ ನೋಡಿ.

ಇಬ್ಬರ ಅಡುಗೆಗೆ ದಿನಕ್ಕೆ 600–700, 12 ವೋಲ್ಟಿನ ಚಿಕ್ಕ ಫ್ರಿಜ್‌ಗೆ ಬೇಸಿಗೆಯಲ್ಲಿ 400ರಷ್ಟು ವ್ಯಾಟ್-ಅವರ್ ಹಿಡಿಯಿರಿ. ಫ್ರಿಜ್ ನೇರ ಬ್ಯಾಟರಿಗೆ, ಇನ್ವರ್ಟರ್ ಮೂಲಕ ಬೇಡ. 12.8 ವೋಲ್ಟ್, 200 ಆಂಪ್-ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಂದರೆ 2560 ವ್ಯಾಟ್-ಅವರ್. ಎರಡು ದಿನಕ್ಕೆ ಸಾಕು. ಕೊಳ್ಳುವಾಗ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪ್ ತಾಳುತ್ತದೆ ಎಂದು ಕೇಳಿ. 100 ಆಂಪಿನದಾದರೆ 1100 ವ್ಯಾಟಿಗೇ ಮುಗಿಯಿತು. 200 ಆಂಪಿನದೇ ಬೇಕು. ಮನೆಯ ಇನ್ವರ್ಟರಿನ ಟ್ಯೂಬುಲರ್ (ಸೀಸ-ಆಸಿಡ್) ಬ್ಯಾಟರಿಯನ್ನು ಹೊತ್ತು ತರುವ ಆಸೆ ಬಿಡಿ. ಅದರ 150 ಆಂಪ್-ಅವರ್ 20 ಗಂಟೆ ನಿಧಾನವಾಗಿ ಎಳೆದರೆ ಸಿಗುವ ಲೆಕ್ಕ. 130 ಆಂಪ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಅಲ್ಲದೆ ಮಲಗುವ ಜಾಗದಲ್ಲಿ ಆಸಿಡ್, ಹೈಡ್ರೋಜನ್ ಯಾಕೆ?

ಇನ್ವರ್ಟರ್ 1500 ವ್ಯಾಟಿನ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥ ನಯವಾದ ಅಲೆ ಕೊಡುವ) ಇರಲಿ, ಕ್ಷಣಕಾಲ 3000 ತಾಳುವಂಥದ್ದು. ಅಗ್ಗದ ಮಾಡಿಫೈಡ್ ಸೈನ್‌ನಲ್ಲಿ ಮಿಕ್ಸಿ ಗೊರಗುಟ್ಟಿ ಬಿಸಿಯಾಗುತ್ತದೆ, ಇಂಡಕ್ಷನ್ ಎರರ್ ತೋರಿಸುತ್ತದೆ.

ತಂತಿಯಲ್ಲಿ ಜಿಪುಣತನ ಸಲ್ಲದು. ಬ್ಯಾಟರಿ, ಇನ್ವರ್ಟರ್ ನಡುವೆ ಎರಡು ಮೀಟರ್ ದೂರವಿದ್ದು 10 ಸ್ಕ್ವೇರ್ ಎಂಎಂ ತಂತಿ ಹಾಕಿದರೆ, 130 ಆಂಪಿಗೆ ಹೋಗಿಬರುವ ದಾರಿಯಲ್ಲೇ 0.9 ವೋಲ್ಟ್ ನಷ್ಟ. ನೂರು ವ್ಯಾಟಿಗೂ ಹೆಚ್ಚು ಶಾಖ ತಂತಿಯಲ್ಲೇ. ಒಂದು ಮೀಟರಿನೊಳಗೆ ಇಟ್ಟು 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ. ಪುಣೆಯ ತಪಕೀರ್ ಗಲ್ಲಿ, ಮುಂಬೈಯ ಲೋಹಾರ್ ಚಾಳ್‌ನಂಥ ಕಡೆ ಕೊಳ್ಳುವಾಗ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ತಂತಿಯ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸುತ್ತಿಗೆಯಲ್ಲಿ ಬಡಿಯದೆ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಗೋವಾದ ಉಪ್ಪುಗಾಳಿಗೆ ತವರ ಲೇಪಿಸಿದ ಲಗ್ಗೇ ಬಾಳುವುದು. 200 ಆಂಪಿನ ಕ್ಲಾಸ್-ಟಿ (ಭಾರಿ ಕರೆಂಟನ್ನೂ ಕತ್ತರಿಸಬಲ್ಲ) ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಲಿ.

ಚಾರ್ಜಿಂಗಿಗೆ ಓಡುವ ಗಾಡಿಯ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬುವ 30 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಮೂರು ಗಂಟೆ ಓಡಿಸಿದಾಗ ಒಂದು ದಿನದ ಖರ್ಚು ವಾಪಸು. ಎರಡು ಬ್ಯಾಟರಿಗಳನ್ನು ನೇರ ಜೋಡಿಸುವ ಬರೀ ರಿಲೇ ಬೇಡ: ಎಷ್ಟೋ ಬಿಎಸ್6 ಗಾಡಿಗಳು ಆಲ್ಟರ್ನೇಟರ್ ವೋಲ್ಟೇಜನ್ನು ತಾವೇ ಇಳಿಸುತ್ತವೆ. 400 ವ್ಯಾಟ್ ಸೋಲಾರ್ ಬೇಸಿಗೆಯಲ್ಲಿ ದಿನದ ಖರ್ಚು ತೂಗಿಸುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೆಚ್ಚಬೇಡಿ. ಬ್ಯಾಟರಿಯನ್ನು ನೆಲಮಟ್ಟದಲ್ಲಿಡಿ, ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು, ಬಿಸಿಲಿಗೆ ನಿಂತ ವ್ಯಾನಿನೊಳಗೆ ಅದು ಬೇಗ ದಾಟುತ್ತದೆ.

ಎಲ್ಲ ಮುಗಿದ ಮೇಲೂ ಮಿಕ್ಸಿ ಹಾಕಿದಾಗ ಇನ್ವರ್ಟರ್ ಕೂಗಿದರೆ, ಓಡುತ್ತಿರುವಾಗಲೇ ಎರಡು ಕಡೆ ವೋಲ್ಟೇಜ್ ಅಳೆಯಿರಿ: ಬ್ಯಾಟರಿಯ ಟರ್ಮಿನಲ್‌ನಲ್ಲಿ ಒಮ್ಮೆ, ಇನ್ವರ್ಟರಿನ ಟರ್ಮಿನಲ್‌ನಲ್ಲಿ ಒಮ್ಮೆ. ನಡುವೆ 0.3 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಲಗ್, ಫ್ಯೂಸ್ ಅಥವಾ ತಂತಿಯದು. ಆಫ್ ಮಾಡಿ ಒಂದೊಂದನ್ನೇ ಮುಟ್ಟಿ ನೋಡಿ, ಬಿಸಿ ಇರುವ ಜಾಗವೇ ಕಳ್ಳ. ಎರಡೂ ಕಡೆ ಒಟ್ಟಿಗೆ ಕುಸಿದರೆ ಬ್ಯಾಟರಿಯನ್ನೇ ಪರೀಕ್ಷೆಗೆ ಕೊಡಿ.