ಶ್ರುತಿ ಇಳಿಸಿದ ಮೇಲೆ

ಹಾಡಲು ಶುರು ಮಾಡಿದ್ದು ಯಾವಾಗ ಅಂತ ಕೇಳಿದರೆ ಹೇಳಲಾರೆ. ನಿಲ್ಲಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಆಗ ನನಗೆ 36. ಹಗಲೆಲ್ಲ ತರಗತಿಯಲ್ಲಿ ಪಾಠ, ಸಂಜೆ ಮಕ್ಕಳಿಗೆ ಹಾಡು ಹೇಳಿಕೊಡುವುದು, ರಾತ್ರಿ ನನ್ನ ಸಾಧನೆ. ಮೊದಲು ತಾರ ಷಡ್ಜದಲ್ಲಿ, ಅಂದರೆ ಮೇಲಿನ ಸ್ಥಾಯಿಯ ‘ಸ’ದಲ್ಲಿ, ದನಿ ಒಡೆಯಿತು. ಆಮೇಲಾಮೇಲೆ ಬೆಳಗ್ಗೆ ಎದ್ದು ಬಾಯಿ ತೆರೆದರೆ ಬರೀ ಗಾಳಿ. ನೆಗಡಿ ಇರಬೇಕೆಂದು ಎರಡು ತಿಂಗಳು ತಳ್ಳಿದೆ. ತಳ್ಳಬಾರದಿತ್ತು.

ಗಂಟಲಿನ ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆ ನನ್ನ ಕಡೆ ತಿರುಗಿಸಿದರು. ಮುತ್ತಿನ ಬಣ್ಣದ ಎರಡು ಪಟ್ಟಿ, ಅವೇ ಧ್ವನಿತಂತುಗಳು, ಎದುರುಬದುರಾಗಿ ಒಂದೊಂದು ಗಂಟು. ಪೆನ್ನು ಒತ್ತಿ ಒತ್ತಿ ಬೆರಳು ಜಡ್ಡುಗಟ್ಟುತ್ತದಲ್ಲ, ಹಾಗೆ. ಇಷ್ಟು ವರ್ಷ ನಾನು ಬೀಗಿದ್ದು ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್ ಉದ್ದದ ಈ ಪಟ್ಟಿಗಳ ಮೇಲೆ! ಮಧ್ಯ ಸ್ಥಾಯಿಯ ಒಂದು ಸ್ವರಕ್ಕೆ ಇವು ಸೆಕೆಂಡಿಗೆ 200–300 ಸಲ ಕೂಡಿ ಮತ್ತೆ ಬೇರೆಯಾಗುತ್ತವೆ. ಅದೇ ಸ್ವರ ತಾರಕ್ಕೆ ಹೋದರೆ ಅದರ ಎರಡರಷ್ಟು. ಬದುಕಿರುವ ಮನುಷ್ಯನ ಗಂಟಲಲ್ಲಿ ಇವನ್ನು ಕನ್ನಡಿ ಹಿಡಿದು ಸರಿಯಾಗಿ ನೋಡಿದವನು ವೈದ್ಯನಲ್ಲ, ಹಾಡಿನ ಮೇಷ್ಟರು: 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ, ಅದೂ ತನ್ನದೇ ಗಂಟಲಲ್ಲಿ. ಇದು ಗೊತ್ತಾದಾಗ ಯಾಕೋ ಸಮಾಧಾನವಾಯಿತು.

ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಬೇಕಾದದ್ದು ಅಭ್ಯಾಸ ಬಿಡುವುದು. ಮಾತಾಡಬಾರದೆಂದು ಪಿಸುಗುಟ್ಟುತ್ತಿದ್ದೆ, ಅದರಲ್ಲೂ ಗಂಟಲು ಬಿಗಿಯುತ್ತದೆ ಎಂದು ಬೈಸಿಕೊಂಡೆ. ಖ್ಯಾಕರಿಸುವುದಂತೂ ತಂತುಗಳನ್ನು ಒಂದಕ್ಕೊಂದು ಅಪ್ಪಳಿಸಿದಂತೆ. ಅದರ ಬದಲು ಒಂದು ಗುಟುಕು ನೀರು. ಆ ನೀರೂ ತಂತುಗಳನ್ನು ಮುಟ್ಟುವುದಿಲ್ಲ, ಅವುಗಳ ಹಿಂದಿನ ಅನ್ನನಾಳದಲ್ಲಿ ಇಳಿದುಹೋಗುತ್ತದೆ. ಹಾಡುವ ಮುಂಚೆ ಒಂದು ಲೋಟ ಗಟಗಟ ಕುಡಿದರೆ ಸಾಲದು, ದಿನವಿಡೀ ಕುಡಿದಿರಬೇಕು.

ನನ್ನನ್ನು ನಿಜವಾಗಿ ಹಾಡಿಗೆ ಮರಳಿಸಿದ್ದು ಒಂದು ಸ್ಟ್ರಾ. ಅರ್ಧ ಲೋಟ ನೀರು, ಎರಡು ಬೆರಳಗಲ ಆಳಕ್ಕೆ ಸ್ಟ್ರಾ, ಅದರೊಳಗೆ ‘ಊ’ ಎಂದು ಒಂದೇ ಸ್ವರ. ಉಸಿರು ಸಮವಾಗಿದ್ದರೆ ಗುಳ್ಳೆ ಸಮವಾಗಿ ಬುಳುಬುಳು ಎನ್ನುತ್ತದೆ. ನಾನು ಸ್ವಲ್ಪ ತಳ್ಳಿದರೂ ನೀರು ಮೂಗಿಗೆ ಸಿಡಿಯುತ್ತದೆ. ಸ್ಟ್ರಾ ತುಟಿಯ ಕಡೆಯಿಂದ ಒಡ್ಡುವ ತಡೆಯಿಂದ ತಂತುಗಳು ಜೋರಾಗಿ ಬಡಿಯದೆ ಮೆತ್ತಗೆ ಕೂಡುತ್ತವೆಯಂತೆ. ದಿನಕ್ಕೆ ನಾಲ್ಕು ಸಲ, ಮೂರು ಮೂರು ನಿಮಿಷ. ಮನೆಯವರು ನಕ್ಕರು, ನಗಲಿ.

ಕೊನೆಗೆ ಮುಟ್ಟಿದ್ದು ನನ್ನ ಜಂಭವನ್ನು. ಹದಿನಾರರಲ್ಲಿ ಯಾರೋ ಹೊಗಳಿದ ಎತ್ತರದ ಶ್ರುತಿಯನ್ನೇ, ಹಾಡಿಗೆ ಆಧಾರವಾದ ಷಡ್ಜವನ್ನೇ, ಇಪ್ಪತ್ತು ವರ್ಷ ಹಿಡಿದುಕೊಂಡಿದ್ದೆ. ಇಳಿಸಿದರೆ ಸೋತಂತೆ ಎಂಬ ಭಾವನೆ. ಈ ಸಲ ಕೆಳಗಿನಿಂದ ಹುಡುಕಿದೆ. ಸಂಜೆ, ದನಿ ಚೆನ್ನಾಗಿ ಪಳಗಿದ ಮೇಲೆ, ಅದುಮದೆ ನಿಲ್ಲುವ ಅತಿ ಕೆಳಗಿನ ಸ್ವರವನ್ನು ಮಂದ್ರ ಪಂಚಮ, ಅಂದರೆ ಕೆಳಗಿನ ಸ್ಥಾಯಿಯ ‘ಪ’, ಎಂದಿಟ್ಟುಕೊಂಡು ಅಲ್ಲಿಂದ ಷಡ್ಜ ಹಿಡಿದೆ. ತಾರ ಪಂಚಮ ಗದ್ದ ಎತ್ತದೆ ಸಿಕ್ಕಿತು. ಹಳೆಯ ಶ್ರುತಿಗಿಂತ ಒಂದೂವರೆ ಸ್ವರ ಕೆಳಗೆ. ಐವತ್ತು ದಾಟಿ ಮುಟ್ಟು ನಿಂತ ಮೇಲೆ ದನಿ ಇನ್ನಷ್ಟು ದಪ್ಪವಾಯಿತು, ಮತ್ತೆ ಅರ್ಧ ಸ್ವರ ಇಳಿಸಿದೆ. ಆ ಸಲ ಅಳಲಿಲ್ಲ.

ಮೊನ್ನೆ ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. 19ರ ನಾನು. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ರೆಕಾರ್ಡಿನಲ್ಲಿ ತೆಳ್ಳಗೆ, ಪರಕೀಯವಾಗಿ ಕೇಳುತ್ತದೆ ಎಂಬುದು ಗೊತ್ತಿದ್ದೂ ಬೆಚ್ಚಿದೆ. ಎಲ್ಲರೂ ಚಪ್ಪಾಳೆ ತಟ್ಟಿದ ಆ ತಾರದ ಸ್ವರದಲ್ಲಿ ಕುತ್ತಿಗೆ ಬಿಗಿದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆಗ ಯಾರೂ ಹೇಳಿರಲಿಲ್ಲ.

ಈಗ 58. ಬೆಳಗ್ಗೆ ಸ್ಟ್ರಾ, ಆಮೇಲೆ ಮಂದ್ರ. ಇವತ್ತು ಮಂದ್ರ ಪಂಚಮ ಹದಿನಾಲ್ಕು ಸೆಕೆಂಡು ಅಲುಗದೆ ನಿಂತಿತು. ನಿನ್ನೆ ಹನ್ನೊಂದು.