ಒಂದು ಭದ್ರತಾ ದೋಷ ಸಿಕ್ಕರೆ ಅದರ ಒಡಹುಟ್ಟುಗಳನ್ನೂ ಹುಡುಕಿ

ಮೈಸೂರು, ಮಂಡ್ಯದ ಸಹಕಾರ ಸಂಘಗಳಿಗೆ ತಂತ್ರಾಂಶ ಬರೆಯುವವರು, ಕೋಡಿನಲ್ಲಿ ಒಂದು ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ (ಬಳಕೆದಾರರು ತುಂಬಿದ ಮಾಹಿತಿಯೇ ಡೇಟಾಬೇಸ್‌ಗೆ ಆಜ್ಞೆಯಾಗಿ ಓಡಿಬಿಡುವ ದೋಷ) ಸಿಕ್ಕರೆ, ಅದನ್ನು ಸರಿಪಡಿಸುವ ಮೊದಲೇ ಅದರ ಮಾದರಿಯನ್ನು ಸೆಮ್‌ಗ್ರೆಪ್ (ಕೋಡಿನಲ್ಲಿ ಮಾದರಿ ಹುಡುಕುವ ಸಾಧನ) ನಿಯಮವಾಗಿ ಬರೆದು ಇಡೀ ಕೋಡಿನ ಮೇಲೆ ಓಡಿಸಿ. ಹಾಲಿನ ಬಟವಾಡೆ ಪುಟದಲ್ಲಿ ಸದಸ್ಯರ ಸಂಖ್ಯೆಯನ್ನು ಪ್ಲಸ್ ಚಿಹ್ನೆ ಹಾಕಿ ನೇರವಾಗಿ ಕ್ವೆರಿಗೆ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆಗೆ) ಸೇರಿಸಿದವರು ಷೇರು, ಸಾಲದ ಪುಟಗಳಲ್ಲೂ ಅದನ್ನೇ ನಕಲು ಮಾಡಿರುವ ಸಂಭವ ಹೆಚ್ಚು. ಸೆಮ್‌ಗ್ರೆಪ್ ಬರಿಯ ಅಕ್ಷರಗಳನ್ನಲ್ಲದೆ ಕೋಡಿನ ರಚನೆಯನ್ನೇ ಹೋಲಿಸುವುದರಿಂದ, ನಿಯಮದಲ್ಲಿ ವೇರಿಯಬಲ್ ಜಾಗದಲ್ಲಿ $X ನಂತಹ ಗುರುತು ಹಾಕಿದ್ದರೆ ಹೆಸರು ಬದಲಾಗಿದ್ದರೂ ಸಾಲು ಮುರಿದಿದ್ದರೂ ಹಿಡಿಯುತ್ತದೆ. ಮೊದಲು ಸಿಕ್ಕ ದೋಷವನ್ನೇ ಅದು ಹಿಡಿಯದಿದ್ದರೆ ನಿಯಮವೇ ತಪ್ಪಿದೆ ಎಂದರ್ಥ. ಆದರೆ ಕ್ವೆರಿಯನ್ನು ಒಂದು ಫೈಲಿನಲ್ಲಿ ಕಟ್ಟಿ ಇನ್ನೊಂದರಲ್ಲಿ ನಡೆಸಿದ್ದರೆ ಸೆಮ್‌ಗ್ರೆಪ್‌ನ ಕಮ್ಯುನಿಟಿ ಎಂಬ ಉಚಿತ ಆವೃತ್ತಿಗೆ ಆ ಕೊಂಡಿ ಕಾಣುವುದಿಲ್ಲ. ಅದಕ್ಕೆ ಗಿಟ್‌ಹಬ್‌ನ ಕೋಡ್ ವಿಶ್ಲೇಷಣಾ ಸಾಧನ ಕೋಡ್‌ಕ್ಯೂಎಲ್ ಒಳ್ಳೆಯದು, ಖಾಸಗಿ ಕೋಡಿಗೆ ಮಾತ್ರ ಪರವಾನಗಿ ಕೊಳ್ಳಬೇಕು.